ಟೈಟಾನಿಕ್ ನೋಡಲೊಲ್ಲದವನೂ ಫಿನ್ಲೆಂಡಿನ ಒಂಟಿ ಮನೆಗಳೂ

‘ಸೊಕೆಯಾ ಮಿಯೆಸ್, ಯೊಕಾ ಎಯ್ ಹಲುನ್ನುತ್ ನಾಹ್ದಾ ಟೈಟಾನಿಕಿಯಾ’... ಇದು ಯಾವ ಮಂತ್ರವೂ ಅಲ್ಲ ಓದುಗರೇ, 2021ರಲ್ಲಿ ಬಂದ ಒಂದು ಫಿನ್ನಿಶ್ ಸಿನಿಮಾದ ಹೆಸರು. ಕನ್ನಡದಲ್ಲಿ ಹೇಳುವುದಾದರೆ ‘ಟೈಟಾನಿಕ್ ನೋಡಲು ಮನಸ್ಸಿಲ್ಲದ ಕುರುಡ’. ಕುರುಡ ಎನ್ನಬಾರದು, ಬೇರೆ ಗೌರವದ ಶಬ್ದ ಬಳಸಬೇಕು ಎಂದು ನಾವು ತರಬೇತಿಗಳಲ್ಲಿ ಕೇಳಿದ್ದೇವೆ. ಆದರೆ ಅವರ ಭಾಷೆಯಲ್ಲೂ ಹೆಸರು ಹೀಗೆಯೇ ನೇರವಾಗಿ ಇದೆ. ಸಿನಿಮಾದ ಸ್ವಭಾವವೂ ಹಾಗೆಯೇ, ಅನುಕಂಪ ಬೇಡ ಎನ್ನುವ ಸ್ವಭಾವ.

ಕಥೆ ಬಹಳ ಸಣ್ಣದು. ಯಾಕ್ಕೊ ಎಂಬ ನಡುವಯಸ್ಸಿನ ಗಂಡಸು. ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್., ಎಂಬ ನರಗಳ ಕಾಯಿಲೆಯಿಂದ ಅವನ ದೃಷ್ಟಿ ಹೋಗಿದೆ, ನಡೆಯುವ ಶಕ್ತಿಯೂ ಹೋಗಿದೆ. ಫ್ಲ್ಯಾಟಿನಲ್ಲಿ ಒಬ್ಬನೇ ವಾಸ, ಗಾಲಿಕುರ್ಚಿಯೇ ಗತಿ. ದೂರದ ಇನ್ನೊಂದು ಊರಿನಲ್ಲಿ ಸಿರ್ಪಾ ಎಂಬ ಹೆಂಗಸು. ಅವಳಿಗೂ ಗಂಭೀರ ಕಾಯಿಲೆ. ದಿನವೂ ಫೋನಿನಲ್ಲಿ ಮಾತು, ತಮಾಷೆ, ಹುಸಿಮುನಿಸು. ಒಮ್ಮೆಯೂ ಮುಖಾಮುಖಿ ಭೇಟಿಯಾದವರಲ್ಲ. ಯಾಕ್ಕೊನಿಗೆ ಹಳೆಯ ಸಿನಿಮಾಗಳ ಹುಚ್ಚು, ಆದರೆ ಜೇಮ್ಸ್ ಕ್ಯಾಮರೂನ್ ಅವರ ‘ಟೈಟಾನಿಕ್’ ಮಾತ್ರ ನೋಡಿಲ್ಲ. ದುಡ್ಡಿಗಾಗಿ ಲೆಕ್ಕ ಹಾಕಿ ತೆಗೆದ ಸಿನಿಮಾ ಎಂದು ಅವನ ತಕರಾರು. ಅದರ ಡಿವಿಡಿ ಮನೆಯಲ್ಲೇ ಇದೆ, ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿಲ್ಲ. ಇನ್ನು ಮೇಲೆ ನೋಡಬೇಕೆಂದರೂ ಆಗದು! ಒಂದು ದಿನ ಸಿರ್ಪಾಳಿಗೆ ಕೆಟ್ಟ ಸುದ್ದಿ ಬರುತ್ತದೆ. ಇವನು ಅವಳನ್ನು ಕಾಣಲು ಒಬ್ಬನೇ ಹೊರಡುತ್ತಾನೆ. ಅವನ ಲೆಕ್ಕ ಹೀಗೆ: ಮನೆಯಿಂದ ಟ್ಯಾಕ್ಸಿಗೆ, ಟ್ಯಾಕ್ಸಿಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ರೈಲಿಗೆ, ರೈಲಿನಿಂದ ಇನ್ನೊಂದು ಟ್ಯಾಕ್ಸಿಗೆ, ಅಲ್ಲಿಂದ ಅವಳ ಬಾಗಿಲಿಗೆ. ಐದು ಕಡೆ ಐದು ಮಂದಿ ಅಪರಿಚಿತರು ಕೈಹಿಡಿದರೆ ಸಾಕು. ದಾರಿಯಲ್ಲಿ ಏನಾಯಿತು ಎಂದು ನಾನು ಪೂರ್ತಿ ಹೇಳುವುದಿಲ್ಲ. ಐವರೂ ಒಳ್ಳೆಯವರಾಗಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಸಿನಿಮಾ ವಿಮರ್ಶೆ ಬರೆಯುವುದು ನನ್ನ ಉದ್ದೇಶವಲ್ಲ. ಬಿ.ಎ.ಯಲ್ಲಿ ಇತಿಹಾಸ ಓದಿ ಮಕ್ಕಳಿಗೆ ಸಮಾಜ ಪಾಠ ಮಾಡುವವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಏನನ್ನು ಕಂಡರೂ ‘ಇದು ಯಾವ ಕಾಲದಿಂದ ಹೀಗೆ?’ ಎಂದು ಕೇಳುವುದು. ಕಣ್ಣಿಲ್ಲದ, ನಡೆಯಲಾಗದ ಒಬ್ಬ ಮನುಷ್ಯ ಸ್ವಂತ ಮನೆ ಮಾಡಿಕೊಂಡು ಒಬ್ಬನೇ ಇದ್ದಾನಲ್ಲ, ಅದು ಹೇಗೆ ಸಾಧ್ಯವಾಯಿತು? ಅಷ್ಟು ಸಣ್ಣ ದೇಶದಿಂದ ಹೀಗೆ ಇಬ್ಬರು ಒಂಟಿಗಳು ಒಬ್ಬರನ್ನೊಬ್ಬರು ಹುಡುಕುವ ಸಿನಿಮಾಗಳು ಮೇಲಿಂದ ಮೇಲೆ ಬರುತ್ತವಲ್ಲ, ಯಾಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಸಿನಿಮಾದ ಒಳಗಿಲ್ಲ, ಆ ದೇಶದ ಇತಿಹಾಸದಲ್ಲಿದೆ.

ಮೊದಲು ದೇಶದ ಅಳತೆ. ನಾನಿರುವ ಕೇರಳ ರಾಜ್ಯದ ಸುಮಾರು ಒಂಬತ್ತು ಪಟ್ಟು ನೆಲ ಫಿನ್ಲೆಂಡಿಗಿದೆ. ಜನ ಮಾತ್ರ 55 ಲಕ್ಷ ಚಿಲ್ಲರೆ, ಅಂದರೆ ಕೇರಳದ ಆರರಲ್ಲಿ ಒಂದು ಪಾಲು. ಕಾಡು, ಕೆರೆ, ಹಿಮ, ನಡುವೆ ಅಲ್ಲೊಂದು ಇಲ್ಲೊಂದು ಮನೆ. ಕೂಗಿ ಕರೆದರೆ ಕೇಳಿಸುವ ದೂರದಲ್ಲಿ ನೆರೆಮನೆ ಇರಬೇಕು ಎನ್ನುವ ನಮ್ಮ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ತುಂಬ ಅಂತರ.

ಇಲ್ಲೇ ಭಾಷೆಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಭಾಷೆ ಕಲಿಸುವವನು ಬಿಡಲಾರ! ಫಿನ್ನಿಶ್ ಹೆಸರುಗಳನ್ನು ಇಂಗ್ಲಿಷಿನಲ್ಲಿ ಓದುವಾಗ ನಾಲಿಗೆ ತಡವರಿಸುತ್ತದೆ, ಕನ್ನಡ ಲಿಪಿಯಲ್ಲಿ ಬರೆದರೆ ಸಲೀಸು. ಯಾಕ್ಕೊ, ನಿಕ್ಕಿ, ಮತ್ತಿ... ನಮ್ಮ ಹಾಗೆಯೇ ಅವರಿಗೂ ಒತ್ತಕ್ಷರ ಇದ್ದರೆ ಒಂದರ್ಥ, ಇಲ್ಲದಿದ್ದರೆ ಇನ್ನೊಂದರ್ಥ. ‘ಕುಕ’ ಎಂದರೆ ಯಾರು, ‘ಕುಕ್ಕ’ ಎಂದರೆ ಹೂವು. ನಮ್ಮಲ್ಲಿ ಹಳಿ, ಹಳ್ಳಿ ಇದ್ದ ಹಾಗೆ. ಒಂಟಿತನಕ್ಕೆ ಅವರ ಶಬ್ದ ‘ಯುಕ್ಸಿನಾಯ್ಸುಸ್’. ಅದರ ಮೂಲ ‘ಯುಕ್ಸಿ’, ಅಂದರೆ ಒಂದು. ನಮ್ಮ ಒಂಟಿಯೂ ಒಂದರಿಂದಲೇ ಬಂದದ್ದು ತಾನೇ? ಎರಡು ಭಾಷೆಗಳಿಗೆ ನೆಂಟಸ್ತಿಕೆ ಇದೆ ಎಂದು ನಾನು ಹೇಳುತ್ತಿಲ್ಲ, ಅಪಾರ್ಥ ಬೇಡ.

1917ರ ಡಿಸೆಂಬರ್ 6ರಂದು ಫಿನ್ಲೆಂಡ್ ರಷ್ಯಾದ ಆಳ್ವಿಕೆಯಿಂದ ಸ್ವತಂತ್ರವಾಯಿತು. ಮರುವರ್ಷವೇ ಅಂತರ್ಯುದ್ಧ. ಅಣ್ಣತಮ್ಮಂದಿರೇ ಕೆಂಪು, ಬಿಳಿ ಎಂದು ಎರಡು ಪಾಳಯವಾಗಿ ಕಾದಾಡಿದರು. ಆ ಗಾಯ ಮಾಯುವ ಮೊದಲೇ 1939ರ ಚಳಿಗಾಲದಲ್ಲಿ ಸೋವಿಯತ್ ಒಕ್ಕೂಟ ಮೇಲೇರಿ ಬಂತು. 1944ರ ತನಕ ನಡುನಡುವೆ ಬಿಡುವು ಕೊಟ್ಟು ಯುದ್ಧ ನಡೆಯಿತು. ಸತ್ತ ಫಿನ್ನರು 90 ಸಾವಿರಕ್ಕೂ ಹೆಚ್ಚು. ಕರೇಲಿಯಾ ಪ್ರಾಂತ ಕೈತಪ್ಪಿ ಅಲ್ಲಿಯ 4 ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಬರಬೇಕಾಯಿತು. ಆಗಿನ ಜನಸಂಖ್ಯೆಯಲ್ಲಿ ಅದು ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಗಡಿ ಎಳೆಯುವಾಗ ಜನರ ಬದುಕು ಏನಾಗುತ್ತದೆ ಎಂಬುದನ್ನು ಗಡಿನಾಡಿನವರಾದ ನಮಗೆ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಅವರದ್ದು ನಮ್ಮದಕ್ಕಿಂತ ಎಷ್ಟೋ ಪಾಲು ಘೋರ. ಭಾಷೆ ಮಾತ್ರವಲ್ಲ, ಮನೆಯೇ ಆಚೆ ಉಳಿಯಿತು.

ಯುದ್ಧದ ಕಾಲದಲ್ಲಿ ಅಲ್ಲಿ ಸಾರ್ವಜನಿಕವಾಗಿ ಕುಣಿಯುವುದಕ್ಕೆ ನಿಷೇಧವಿತ್ತು. ಗಡಿಯಲ್ಲಿ ಹುಡುಗರು ಸಾಯುತ್ತಿರುವಾಗ ಇಲ್ಲಿ ಕುಣಿತ ಸಲ್ಲದು ಎಂದು. ಶಾಂತಿ ಬಂದು ನಿಷೇಧ ಹೋದ ಮೇಲೆ ಕೆರೆಯ ದಂಡೆಗಳಲ್ಲಿ ಹಲಗೆ ಹಾಸಿದ ನೃತ್ಯ ಚಪ್ಪರಗಳು ತುಂಬಿದವು. ಅರ್ಜೆಂಟೀನಾದ ಟ್ಯಾಂಗೊ ಅಲ್ಲಿಗೆ ಬಂದು ಫಿನ್ನಿಶ್ ಆಯಿತು, ದುಃಖದ ರಾಗಕ್ಕೆ ಇಳಿಯಿತು. ಮಾತು ಕಡಿಮೆ ಇರುವ ಜನರಿಗೆ ಹೆಣ್ಣುಗಂಡು ಪರಿಚಯವಾಗಲು ಇದೊಂದು ವ್ಯವಸ್ಥೆ. ಹತ್ತಿರ ಹೋಗಿ ತಲೆಬಾಗಿಸಿ ಕರೆದರೆ ಆಯಿತು, ಭಾಷಣ ಬೇಡ. ಮುಂದೆ ಅವರ ಸಿನಿಮಾಗಳಲ್ಲಿ ಗೋಡೆಗೆ ಒರಗಿ ನಿಂತು ಯಾರಾದರೂ ಕರೆಯುವರೇ ಎಂದು ಕಾಯುವ ಹುಡುಗಿ ಮತ್ತೆ ಮತ್ತೆ ಬರುವುದು ಈ ಚಪ್ಪರಗಳಿಂದಲೇ.

1950ರಲ್ಲಿ ದುಡಿಯುವ ಫಿನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹೊಲ ಮತ್ತು ಕಾಡಿನ ಕೆಲಸದಲ್ಲಿದ್ದರು. ಆಮೇಲಿನ ಇಪ್ಪತ್ತೈದು ವರ್ಷಗಳಲ್ಲಿ ಎಲ್ಲವೂ ಬುಡಮೇಲು. ಕಾಡಿಗೆ ಯಂತ್ರದ ಗರಗಸ ಬಂತು, ಸಣ್ಣ ಹಿಡುವಳಿಗಳು ಗಿಟ್ಟದಾದವು, ಜನ ದಕ್ಷಿಣದ ಪಟ್ಟಣಗಳಿಗೆ ಗುಳೆ ಹೊರಟರು. ಅಲ್ಲೂ ಕೆಲಸ ಸಾಲದೆ ಹಡಗು ಹತ್ತಿ ಸ್ವೀಡನ್ನಿಗೆ ಹೋದರು. 1969 ಮತ್ತು 1970ರ ಎರಡೇ ವರ್ಷಗಳಲ್ಲಿ ಸುಮಾರು 80 ಸಾವಿರ ಜನ! ಹಳ್ಳಿಯಲ್ಲಿ ಮುದುಕರು ಒಂಟಿಯಾದರು, ಪಟ್ಟಣದ ಹೊಸ ಸಿಮೆಂಟ್ ಕಟ್ಟಡಗಳಲ್ಲಿ ಮಕ್ಕಳು ಒಂಟಿಯಾದರು. ಯಾಕ್ಕೊನ ಫ್ಲ್ಯಾಟಿನ ಅಡಿಪಾಯ ಬಿದ್ದದ್ದು ಆಗ ಎಂದು ನನ್ನ ಅಭಿಪ್ರಾಯ.

ಈ ಹೊತ್ತಿಗೆ ಫಿನ್ನಿಶ್ ಸಿನಿಮಾವೇ ಕಾಯಿಲೆ ಬಿದ್ದಿತ್ತು. 1933ರಲ್ಲಿ ಶುರುವಾಗಿದ್ದ ‘ಸುವೊಮೆನ್ ಫಿಲ್ಮಿತೆಯೊಲ್ಲಿಸೂಸ್’ ಎಂಬ ದೊಡ್ಡ ಸ್ಟುಡಿಯೊ 1965ರಲ್ಲಿ ದಿವಾಳಿಯಾಯಿತು. ಮನೆಮನೆಗೆ ಟಿ.ವಿ. ಬಂದಿತ್ತು, ಅದರ ಮೇಲೆ 1963ರಿಂದ 65ರವರೆಗೆ ನಟರ ಮುಷ್ಕರ. 1969ರಲ್ಲಿ ಫಿನ್ನಿಶ್ ಚಲನಚಿತ್ರ ಪ್ರತಿಷ್ಠಾನ ಸ್ಥಾಪನೆಯಾಗಿ ಸಾರ್ವಜನಿಕ ಹಣದಲ್ಲಿ ಸಿನಿಮಾಗಳಿಗೆ ನೆರವು ಕೊಡಲಾರಂಭಿಸಿದ ಮೇಲೆ ಅದು ಮೆಲ್ಲಗೆ ಚೇತರಿಸಿಕೊಂಡಿತು. ದೊಡ್ಡ ಸೆಟ್ಟು, ದೊಡ್ಡ ತಾರೆಯರ ಕಾಲ ಮುಗಿದಿತ್ತು. ಸಣ್ಣ ದುಡ್ಡಿನಲ್ಲಿ ಸಣ್ಣ ಜನರ ಕಥೆ ಹೇಳುವವರ ಕಾಲ ಬಂತು.

ಅವರಲ್ಲಿ ಮುಖ್ಯರು ಆಕಿ ಕೌರಿಸ್ಮಾಕಿ, ಹುಟ್ಟಿದ್ದು 1957. 1986ರ ಅವರ ‘ಸ್ವರ್ಗದಲ್ಲಿ ನೆರಳುಗಳು’ ಚಿತ್ರದಲ್ಲಿ ನಾಯಕ ನಿಕಾಂದರ್ ಕಸದ ಲಾರಿಯ ಕೆಲಸಗಾರ, ನಾಯಕಿ ಇಲೋನಾ ಸೂಪರ್‌ಮಾರ್ಕೆಟಿನ ಗಲ್ಲೆಯಲ್ಲಿ ಕೂರುವವಳು. ಪಾತ್ರ ಮಾಡಿದವರು ಮತ್ತಿ ಪೆಲ್ಲೊನ್ಪಾ ಮತ್ತು ಕತಿ ಔತಿನೆನ್. ಮೊದಲ ಸಲ ಇಬ್ಬರೂ ಹೊರಗೆ ಹೋಗುವಾಗ ಅವನು ಅವಳನ್ನು ಕರೆದೊಯ್ಯುವುದು ಎಲ್ಲಿಗೆ ಗೊತ್ತೇ? ಬಿಂಗೊ ಆಡುವ ಹಾಲಿಗೆ! ಪ್ರೇಮದ ಮಾತು ಇಲ್ಲವೆಂದೇ ಹೇಳಬೇಕು. ಇಬ್ಬರೂ ಎದುರುಬದುರು ಕೂತು ಸಿಗರೇಟು ಸೇದುತ್ತಾರೆ, ಆಚೆ ನೋಡುತ್ತಾರೆ. ಮೊದಲ ಬಾರಿ ನೋಡುವವರಿಗೆ ಇವರಿಗೆ ನಟನೆ ಬರುವುದಿಲ್ಲವೋ ಎನಿಸಬಹುದು. ಸ್ವಲ್ಪ ತಾಳ್ಮೆ ಇಟ್ಟರೆ, ಮುಖ ಅಲುಗದಿದ್ದರೂ ಒಳಗೆ ಏನು ನಡೆಯುತ್ತಿದೆ ಎಂದು ಕಾಣಿಸತೊಡಗುತ್ತದೆ. ಕೊನೆಗೆ ಅವರು ಹಡಗು ಹತ್ತಿ ತಾಲಿನ್‌ಗೆ ಹೋಗುತ್ತಾರೆ. 1988ರ ‘ಆರಿಯೆಲ್’ನಲ್ಲಿ ಉತ್ತರದ ಗಣಿ ಮುಚ್ಚಿ ಕೆಲಸ ಕಳೆದುಕೊಂಡವನು ದಕ್ಷಿಣಕ್ಕೆ ಬರುತ್ತಾನೆ. ಆ ಚಿತ್ರದ ಹೆಸರೂ ಒಂದು ಹಡಗಿನದ್ದೇ, ಕೊನೆಯೂ ಹಡಗಿನಲ್ಲೇ. ಒಂದು ತಲೆಮಾರು ಹಡಗು ಹತ್ತಿ ಹೋದ ದೇಶದಲ್ಲಿ ಕಥೆ ಹೀಗೆ ಮುಗಿಯುವುದು ಸಹಜ.

1990ರ ‘ಬೆಂಕಿಪೆಟ್ಟಿಗೆ ಕಾರ್ಖಾನೆಯ ಹುಡುಗಿ’ ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಕಠೋರ ಎನಿಸಿದ ಚಿತ್ರ. ಆರಂಭದಲ್ಲಿ ಮನುಷ್ಯರೇ ಇಲ್ಲ. ಒಂದು ಮರದ ದಿಮ್ಮಿ ಯಂತ್ರಕ್ಕೆ ಹೋಗಿ, ಸಿಪ್ಪೆ ಸುಲಿದು, ಹಾಳೆಯಾಗಿ, ಕಡ್ಡಿಯಾಗಿ, ಪೆಟ್ಟಿಗೆಯಾಗಿ ಹೊರಬರುತ್ತದೆ. ಆ ಸಾಲಿನ ತುದಿಯಲ್ಲಿ ಈರಿಸ್ ಎಂಬ ಹುಡುಗಿ ನಿಂತಿದ್ದಾಳೆ, ಅವಳೂ ಯಂತ್ರದ ಒಂದು ಭಾಗ ಎಂಬಂತೆ. ನೃತ್ಯಶಾಲೆಯಲ್ಲಿ ಎಲ್ಲರನ್ನೂ ಒಬ್ಬೊಬ್ಬರು ಕರೆದೊಯ್ಯುತ್ತಾರೆ, ಇವಳೊಬ್ಬಳು ಬೆಂಚಿನಲ್ಲಿ ಉಳಿಯುತ್ತಾಳೆ. ಮನೆಯಲ್ಲಿ ಟಿ.ವಿ.ಯೊಳಗೆ 1989ರ ಬೀಜಿಂಗಿನ ತಿಯಾನನ್ಮೆನ್ ಚೌಕದ ಸುದ್ದಿ. ಇಡೀ ಲೋಕದ ಇತಿಹಾಸ ಆ ಸಣ್ಣ ಕೋಣೆಗೆ ಬಂದು ಮಾತಾಡುತ್ತಿದೆ, ಕೋಣೆಯಲ್ಲಿದ್ದವರು ಮಾತ್ರ ಪರಸ್ಪರ ಮಾತಾಡುತ್ತಿಲ್ಲ. ಸುಮಾರು 70 ನಿಮಿಷದ ಚಿತ್ರ. ಕೊನೆಗೆ ಅವಳ ಕೈಗೆ ಬರುವುದು ಇಲಿಪಾಷಾಣ.

ಮರುವರ್ಷ ಸೋವಿಯತ್ ಒಕ್ಕೂಟ ಕುಸಿಯಿತು. ಅದರೊಂದಿಗೆ ಫಿನ್ಲೆಂಡಿನ ದೊಡ್ಡ ಗಿರಾಕಿಯೂ ಹೋದ ಹಾಗಾಯಿತು. ಬ್ಯಾಂಕುಗಳೂ ಮುಗ್ಗರಿಸಿದವು. 1990ರಲ್ಲಿ ನೂರಕ್ಕೆ ಮೂರರಷ್ಟಿದ್ದ ನಿರುದ್ಯೋಗ 1994ಕ್ಕೆ ನೂರಕ್ಕೆ ಹದಿನಾರನ್ನು ದಾಟಿತ್ತು. 1996ರ ‘ಮೋಡಗಳು ದೂರ ಸಾಗುತ್ತವೆ’ ಚಿತ್ರದಲ್ಲಿ ಟ್ರಾಮ್ ಓಡಿಸುವ ಗಂಡನೂ ಹೋಟೆಲಿನಲ್ಲಿ ಮುಖ್ಯ ಪರಿಚಾರಕಿಯಾದ ಹೆಂಡತಿಯೂ ಒಬ್ಬರ ಹಿಂದೊಬ್ಬರು ಕೆಲಸ ಕಳೆದುಕೊಳ್ಳುತ್ತಾರೆ. ಟ್ರಾಮ್ ಡಿಪೊದಲ್ಲಿ ಯಾರನ್ನು ತೆಗೆಯುವುದೆಂದು ಇಸ್ಪೀಟ್ ಎಲೆ ಎಳೆದು ತೀರ್ಮಾನಿಸುತ್ತಾರೆ! ಕೊನೆಗೆ ಅವರು ತೆರೆಯುವ ಹೋಟೆಲಿನ ಹೆಸರು ‘ತ್ಯೊ’, ಅಂದರೆ ‘ಕೆಲಸ’. ಮತ್ತಿ ಪೆಲ್ಲೊನ್ಪಾ 1995ರಲ್ಲಿ ತೀರಿಕೊಂಡಿದ್ದರು. ಚಿತ್ರವನ್ನು ಅವರಿಗೇ ಅರ್ಪಿಸಲಾಗಿದೆ. 2002ರ ‘ಭೂತಕಾಲವಿಲ್ಲದ ಮನುಷ್ಯ’ದಲ್ಲಿ ಹೆಲ್ಸಿಂಕಿಗೆ ಬಂದಿಳಿದವನಿಗೆ ಪುಂಡರು ಹೊಡೆದು ನೆನಪೇ ಅಳಿಸಿಹೋಗುತ್ತದೆ. ಹಡಗಿನ ಸರಕು ತುಂಬುವ ಕಬ್ಬಿಣದ ಪೆಟ್ಟಿಗೆಯಲ್ಲಿ ಸಂಸಾರ ಹೂಡುತ್ತಾನೆ. ಬಡವರಿಗೆ ಸೂಪ್ ಬಡಿಸುವ ಸಾಲ್ವೇಶನ್ ಆರ್ಮಿಯ ನಡುವಯಸ್ಸಿನ ಹೆಂಗಸಿನೊಂದಿಗೆ ಪ್ರೀತಿ. ಇದಕ್ಕೆ ಕಾನ್ ಚಿತ್ರೋತ್ಸವದಲ್ಲಿ ಗ್ರಾಂಡ್ ಪ್ರಿ, ಕತಿ ಔತಿನೆನ್ ಅವರಿಗೆ ಶ್ರೇಷ್ಠ ನಟಿ ಪ್ರಶಸ್ತಿ. 2006ರ ‘ಮುಸ್ಸಂಜೆಯ ದೀಪಗಳು’ ಸೇರಿ ಇವು ಮೂರು ಒಂದು ಸರಣಿ. ಮೊದಲನೆಯದಕ್ಕೆ ನಿರುದ್ಯೋಗ, ಎರಡನೆಯದಕ್ಕೆ ಮನೆಯಿಲ್ಲದ ಸ್ಥಿತಿ, ಮೂರನೆಯದಕ್ಕೆ ಒಂಟಿತನವೇ ವಿಷಯ.

ನಿಮ್ಮಲ್ಲಿ ಯಾರಾದರೂ ಕೇಳಬಹುದು, ವಿಶ್ವ ಸಂತೋಷ ವರದಿಯಲ್ಲಿ 2018ರಿಂದ 2025ರ ತನಕ ಸತತ ಎಂಟು ಸಲ ಮೊದಲ ಸ್ಥಾನ ಫಿನ್ಲೆಂಡಿಗೇ ಬಂತಲ್ಲ ಮಾರಾಯ್ರೇ, ಅಲ್ಲಿಯ ಸಿನಿಮಾದವರಿಗೆ ಏನು ಸಂಕಟ? ಆ ವರದಿ ಜನ ಎಷ್ಟು ನಗುತ್ತಾರೆ ಎಂದು ಎಣಿಸುವುದಿಲ್ಲ. ನಿಮ್ಮ ಬದುಕು ಸೊನ್ನೆಯಿಂದ ಹತ್ತರವರೆಗಿನ ಏಣಿಯಲ್ಲಿ ಎಷ್ಟನೇ ಮೆಟ್ಟಿಲಲ್ಲಿದೆ ಎಂದು ಕೇಳುತ್ತದೆ. ಕಾಯಿಲೆ ಬಿದ್ದರೆ ಆಸ್ಪತ್ರೆ ಇದೆ, ಕೆಲಸ ಹೋದರೆ ಭತ್ಯೆ ಇದೆ, ಶಾಲೆ ಚೆನ್ನಾಗಿದೆ ಎಂಬ ಭರವಸೆ ಇದ್ದವರು ಮೇಲಿನ ಮೆಟ್ಟಿಲನ್ನೇ ಹೇಳುತ್ತಾರೆ. ಅದೇ ದೇಶದಲ್ಲಿ ಹತ್ತು ಮನೆಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಮನೆಗಳಲ್ಲಿ ಇರುವುದು ಒಬ್ಬರೇ. ಎರಡೂ ನಿಜ. ಎರಡಕ್ಕೂ ಒಂದೇ ಬೇರು ಎಂದು ನನಗೆ ತೋರುತ್ತದೆ.

ಯಾಕ್ಕೊನನ್ನೇ ತೆಗೆದುಕೊಳ್ಳಿ. 1987ರಲ್ಲಿ ಫಿನ್ಲೆಂಡಿನಲ್ಲಿ ಅಂಗವಿಕಲರ ಸೇವೆಗಳ ಕಾಯ್ದೆ ಬಂತು. ಓಡಾಟಕ್ಕೆ ವಾಹನ, ಮನೆಯಲ್ಲಿ ಬೇಕಾದ ಮಾರ್ಪಾಡು ಮೊದಲಾದವು ಅದರಲ್ಲಿ ಸೇರಿದ್ದವು. 2009ರಿಂದ ತೀವ್ರ ಅಂಗವೈಕಲ್ಯ ಇರುವವರಿಗೆ ವೈಯಕ್ತಿಕ ಸಹಾಯಕರನ್ನು ಪಡೆಯುವುದು ಹಕ್ಕೇ ಆಯಿತು. ಹಕ್ಕು, ಯಾರದ್ದೋ ದಯೆಯಲ್ಲ. ಆದ್ದರಿಂದ ಕಣ್ಣು ಕಾಲು ಎರಡೂ ಇಲ್ಲದವನು ಅಣ್ಣನ ಮನೆಯ ಚಾವಡಿಯ ಮೂಲೆಯಲ್ಲಿ ಬಿದ್ದಿರಬೇಕಾಗಿಲ್ಲ. ತನ್ನ ಬಾಗಿಲಿಗೆ ತಾನೇ ಯಜಮಾನ. ಯಾವ ಸಿನಿಮಾ ಇಷ್ಟ, ಯಾವುದು ಇಷ್ಟವಿಲ್ಲ ಎಂದು ವಾದ ಮಾಡುವಷ್ಟು ಸ್ವಾತಂತ್ರ್ಯ ಅವನಿಗಿದೆ. ಆದರೆ ಸಹಾಯಕರ ಹೊತ್ತು ಮುಗಿದು ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಫೋನ್ ಒಂದೇ. ನಮ್ಮ ಕಡೆ ನಾನು ಬೇರೆಯೇ ನೋಡಿದ್ದೇನೆ. ಹಾಸಿಗೆ ಹಿಡಿದವರ ಸುತ್ತ ದಿನವಿಡೀ ಜನ. ಗಂಜಿ ಕುಡಿಸುವವರು, ಹಾಗೆ ಮಾಡಿ ಹೀಗೆ ಮಾಡಿ ಎಂದು ಹೇಳುವವರು. ನಿನಗೇನು ಬೇಕು ಎಂದು ಮಾತ್ರ ಹೆಚ್ಚಿನವರು ಕೇಳುವುದಿಲ್ಲ. ಯಾವುದು ಮೇಲು ಎಂದು ತೀರ್ಪು ಕೊಡಲು ನಾನು ಯಾರು? ಎರಡು ಬಗೆಯ ಒಂಟಿತನ, ಅಷ್ಟೆ.

ರೋಗಿಯನ್ನು ಕೇಳುವ ವಿಷಯ ಬಂದದ್ದರಿಂದ ಸಿನಿಮಾ ಬಿಟ್ಟು ಒಂದು ಕಟ್ಟಡದ ಕಥೆ ಹೇಳಬೇಕು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಫಿನ್ಲೆಂಡನ್ನು ಕ್ಷಯ ಹಿಂಡುತ್ತಿತ್ತು. ಆಗ ಅದಕ್ಕೆ ಮದ್ದಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದೇ 1940ರ ದಶಕದಲ್ಲಿ. ಗಾಳಿ, ಬಿಸಿಲು, ವಿಶ್ರಾಂತಿ ಇಷ್ಟೇ ಚಿಕಿತ್ಸೆ. ದೇಶದ ನೈಋತ್ಯದಲ್ಲಿ, ಪೈಮಿಯೊ ಎಂಬಲ್ಲಿ, ಪೈನ್ ಕಾಡಿನ ನಡುವೆ ಒಂದು ಕ್ಷಯ ಆರೋಗ್ಯಧಾಮ ಕಟ್ಟಲು 1929ರಲ್ಲಿ ಸ್ಪರ್ಧೆ ನಡೆಯಿತು. ಗೆದ್ದವರು ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ. ಹೆಂಡತಿ ಐನೊ ಕೂಡ ವಾಸ್ತುಶಿಲ್ಪಿಯೇ, ಇಬ್ಬರೂ ಸೇರಿ ಮಾಡಿದ ಕೆಲಸ. ಕಟ್ಟಡ 1933ರಲ್ಲಿ ಮುಗಿಯಿತು.

ಆಲ್ಟೊ ಹೇಳಿಕೊಂಡ ಪ್ರಕಾರ ಆ ಸಮಯದಲ್ಲಿ ಅವರೂ ಒಮ್ಮೆ ಕಾಯಿಲೆ ಬಿದ್ದು ಮಲಗಿದ್ದರಂತೆ. ಮಲಗಿದಲ್ಲಿಂದ ನೋಡಿದಾಗ ಕೋಣೆ ಬೇರೆಯೇ! ನೆತ್ತಿಯ ಮೇಲಿನ ದೀಪ ನೇರ ಕಣ್ಣಿಗೆ ಚುಚ್ಚುತ್ತದೆ. ನಿಂತವರಿಗಾಗಿ ಮಾಡಿದ ಕೋಣೆಯಲ್ಲಿ ಮಲಗಿದವನಿಗೆ ನೆಮ್ಮದಿ ಇಲ್ಲ. ಹಾಗಾಗಿ ಪೈಮಿಯೊದಲ್ಲಿ ದೀಪವನ್ನು ಮಲಗಿದವರ ಕಣ್ಣಿಗೆ ಹೊಡೆಯದ ಜಾಗದಲ್ಲಿಟ್ಟರು. ದಿನವಿಡೀ ನೋಡುವುದು ಮಾಡನ್ನೇ ತಾನೇ? ಅದಕ್ಕೆ ಕಣ್ಣಿಗೆ ಹಿತವಾದ ಗಾಢ ಬಣ್ಣ ಬಳಿದರು. ಶಾಖ ತಲೆಗೆ ತಾಗದೆ ಕಾಲಿನ ಕಡೆಗೆ ಬರುವಂತೆ ಮಾಡಿದರು. ಒಂದು ಕೋಣೆಯಲ್ಲಿ ಇಬ್ಬರು, ಇಬ್ಬರಿಗೂ ಬೇರೆ ಬೇರೆ ಕೈತೊಳೆಯುವ ಬೇಸಿನ್. ರಾತ್ರಿ ಒಬ್ಬರು ಕೈತೊಳೆದರೆ ಇನ್ನೊಬ್ಬರ ನಿದ್ದೆ ಕೆಡಬಾರದೆಂದು ನೀರು ಸದ್ದಿಲ್ಲದೆ ಜಾರುವ ಓರೆಯಲ್ಲಿ ಬೇಸಿನ್ನನ್ನು ರೂಪಿಸಿದರು! ಬಾಗಿಸಿದ ಪ್ಲೈವುಡ್ಡಿನ ಪೈಮಿಯೊ ಕುರ್ಚಿಯ ಬೆನ್ನಿನ ಓರೆ ಉಸಿರಾಟಕ್ಕೆ ಸಲೀಸಾಗುವ ಓರೆ. ಈಗ ಆ ಕುರ್ಚಿ ಸಿರಿವಂತರ ಬೈಠಕ್ಕಿನಲ್ಲಿದೆ, ಅದು ಬೇರೆ ಮಾತು. ಕ್ಷಯಕ್ಕೆ ಔಷಧ ಬಂದ ಮೇಲೆ 1960ರ ದಶಕದಲ್ಲಿ ಪೈಮಿಯೊ ಸಾಮಾನ್ಯ ಆಸ್ಪತ್ರೆಯಾಯಿತು.

ಕಟ್ಟಡಕ್ಕೆ 1933ರಲ್ಲೇ ಗೊತ್ತಿದ್ದ ಈ ಸಂಗತಿ ಸಿನಿಮಾಕ್ಕೆ ಬೇಗ ಬರಲಿಲ್ಲ. ಸಿನಿಮಾದಲ್ಲಿ ಕಾಯಿಲೆ ಎಂದರೆ ಹಾಸಿಗೆಯ ಪಕ್ಕ ನಿಂತವರ ಕಥೆ. ನಮ್ಮ ಹಳೆಯ ಚಿತ್ರಗಳಲ್ಲಿ ಕರವಸ್ತ್ರದಲ್ಲಿ ಒಂದು ತೊಟ್ಟು ರಕ್ತ ಕಂಡರೆ ಮುಗಿಯಿತು, ಮುಂದಿನದ್ದೆಲ್ಲ ಉಳಿದವರ ತ್ಯಾಗ ಮತ್ತು ಕಣ್ಣೀರು. ಕೌರಿಸ್ಮಾಕಿ ಅವರ 2011ರ ‘ಲ ಹಾವ್ರ್’ನಲ್ಲಿ ಹೆಂಡತಿಗೆ ಗುಣವಾಗದ ಕಾಯಿಲೆ. ಆದರೆ ಕಥೆ ಬೂಟು ಪಾಲಿಶ್ ಮಾಡುವ ಗಂಡನದ್ದು.

ತೇಮು ನಿಕ್ಕಿ ಇಲ್ಲೇ ಹೊಸ ಹೆಜ್ಜೆ ಇಟ್ಟರು. ಯಾಕ್ಕೊನ ಪಾತ್ರ ಮಾಡಿದ ಪೆತ್ರಿ ಪೊಯ್ಕೊಲಾಯ್ನೆನ್ ಅವರಿಗೆ ನಿಜವಾಗಿಯೂ ಎಂ.ಎಸ್. ಇದೆ. ನಿಜವಾಗಿಯೂ ದೃಷ್ಟಿ ಇಲ್ಲ. ಕಾಯಿಲೆಗೆ ಮೊದಲು ಅವರು ರಂಗನಟ. ನಿರ್ದೇಶಕರಿಗೆ ಹಳೆಯ ಪರಿಚಯದವರು. ಚಿತ್ರಕಥೆ ಬರೆದದ್ದೇ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು. ಏರುತ್ತಾ ಹೋಗುವ ಕಾಯಿಲೆ ಅದು, ಕಾಯುತ್ತ ಕೂರುವಂತಿಲ್ಲ.

ಎಂ.ಎಸ್. ಬಗ್ಗೆ ಎರಡು ಮಾತು. ನಮ್ಮ ನರಗಳ ಮೇಲೆ ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಇದ್ದ ಹಾಗೆ ಮಯಲಿನ್ ಎಂಬ ಹೊದಿಕೆ ಇದೆ. ಈ ಕಾಯಿಲೆಯಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯಲ್ಲಿ ಆ ಹೊದಿಕೆಯನ್ನು ತಿನ್ನುತ್ತದೆ. ಪ್ಯಾರಿಸ್ಸಿನ ವೈದ್ಯ ಜಾನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದರು. ಅದರ ಗತಿಯನ್ನು ತಗ್ಗಿಸುವ ಮೊದಲ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ. ನಡುವೆ 125 ವರ್ಷ! ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ, ಅಂದರೆ ಮದುವೆ ಉದ್ಯೋಗಗಳ ಕಾಲದಲ್ಲೇ, ಶುರುವಾಗುತ್ತದೆ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಹೆಚ್ಚು. ಫಿನ್ಲೆಂಡ್ ಜಗತ್ತಿನಲ್ಲಿ ಇದು ಹೆಚ್ಚಾಗಿರುವ ದೇಶಗಳಲ್ಲಿ ಒಂದು, ಅದರಲ್ಲೂ ಅದರ ಪಶ್ಚಿಮ ಭಾಗ. ಯಾಕ್ಕೊನ ಕಾಯಿಲೆ ಕಥೆಗಾಗಿ ಹುಡುಕಿ ತಂದದ್ದಲ್ಲ, ಆ ನೆಲದ್ದೇ.

ಸಿನಿಮಾ ಎಂದರೆ ನೋಡುವುದು. ನೋಡಲಾಗದವನ ಸಿನಿಮಾ ತೆಗೆಯುವುದು ಹೇಗೆ? ಛಾಯಾಗ್ರಾಹಕಿ ಸಾರಿ ಆಲ್ಟೊನೆನ್ ಅವರ ಕ್ಯಾಮೆರಾ ಯಾಕ್ಕೊನ ಮುಖಕ್ಕೆ ಅಂಟಿಕೊಂಡೇ ಇರುತ್ತದೆ. ಅವನ ಮುಖ ಮಾತ್ರ ಸ್ಪಷ್ಟ. ಅದರಾಚೆಗಿನ ಜನ, ಬಾಗಿಲು, ರೈಲು, ರಸ್ತೆ ಎಲ್ಲವೂ ಮಸುಕು ಮಸುಕು. ಎದುರಿನವನು ಕಳ್ಳನೋ ಸಂಭಾವಿತನೋ ಎಂದು ನೋಡುವ ನಮಗೂ ತಿಳಿಯದು. ದನಿಯಿಂದಲೇ ಅಂದಾಜು ಮಾಡಬೇಕು. ಟ್ಯಾಕ್ಸಿಯವನ ದನಿ, ಸಹಾಯಕ್ಕೆ ಬಂದವರ ದನಿ, ಫೋನಿನಲ್ಲಿ ಸಿರ್ಪಾಳ ದನಿ. ಸಿರ್ಪಾಳಾಗಿ ಮರ್ಯಾನಾ ಮಾಯ್ಯಾಲಾ ಹೆಚ್ಚಿನ ಪಾಲು ಅಭಿನಯಿಸಿದ್ದು ದನಿಯಲ್ಲೇ. ಗಾಲಿಕುರ್ಚಿಯ ಪಕ್ಕ ನಿಂತು ಅಯ್ಯೋ ಪಾಪ ಎನ್ನುವ ಅವಕಾಶವೇ ನಮಗಿಲ್ಲ, ನಾವೂ ಆ ಕುರ್ಚಿಯಲ್ಲೇ ಕೂತಿದ್ದೇವೆ. ಪೈಮಿಯೊದ ಮಾಡಿಗೆ ಬಣ್ಣ ಬಳಿದವರ ಬುದ್ಧಿಯೇ ಇದು. ನಿಕ್ಕಿ ಅದನ್ನು ಅಲ್ಲಿಂದ ಕಲಿತರು ಎಂದು ನಾನು ಹೇಳಲಾರೆ. ಇತಿಹಾಸ ಓದುವವನಿಗೆ ಎರಡನ್ನು ಪಕ್ಕಪಕ್ಕ ಇಟ್ಟು ನೋಡುವ ಆಸೆ, ಅಷ್ಟೆ. 2021ರ ಸೆಪ್ಟೆಂಬರಿನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಇದು ಪ್ರದರ್ಶನಗೊಂಡು ಪ್ರೇಕ್ಷಕರ ಪ್ರಶಸ್ತಿ ಪಡೆಯಿತು. ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿಕೊಂಡು ಫೋನಿನಲ್ಲೇ ಸಂಬಂಧ ಉಳಿಸಿಕೊಂಡು ಆಗಷ್ಟೇ ಹೊರಗೆ ಬಂದಿದ್ದ ಪ್ರೇಕ್ಷಕರು ಅವರು.

ಅದೇ ವರ್ಷ ಕಾನ್‌ನಲ್ಲಿ ಯುಹೊ ಕುವೊಸ್ಮಾನೆನ್ ಅವರ ‘ಬೋಗಿ ಸಂಖ್ಯೆ 6’ ಗ್ರಾಂಡ್ ಪ್ರಿ ಹಂಚಿಕೊಂಡಿತು. ರೋಸಾ ಲಿಕ್ಸೊಮ್ ಅವರ 2011ರ ಕಾದಂಬರಿ ಆಧರಿಸಿದ ಚಿತ್ರ. ಮಾಸ್ಕೊದಿಂದ ಮುರ್ಮಾನ್ಸ್ಕ್‌ಗೆ ಹೋಗುವ ರೈಲಿನಲ್ಲಿ ಒಬ್ಬ ಫಿನ್ನಿಶ್ ವಿದ್ಯಾರ್ಥಿನಿಗೂ ಒಬ್ಬ ಒರಟು ರಷ್ಯನ್ ಗಣಿ ಕೆಲಸಗಾರನಿಗೂ ಎದುರುಬದುರು ಬರ್ತು. ಎರಡು ಸಿನಿಮಾ, ಎರಡೂ ರೈಲು. ಹಡಗು ಹತ್ತಿ ದೇಶ ಬಿಡುವವರ ಕಥೆ ಹೋಗಿ ರೈಲು ಹತ್ತಿ ಇನ್ನೊಬ್ಬರ ಹತ್ತಿರ ಹೋಗುವವರ ಕಥೆ ಬಂತು. ಯಾಕ್ಕೊನಿಗೆ ಹಡಗಿನ ಸಿನಿಮಾ ಬೇಡವಾದದ್ದು ಸರಿಯಾಗಿಯೇ ಇದೆ!

2017ರಲ್ಲಿ ಇನ್ನು ಸಾಕು ಎಂದಿದ್ದ ಕೌರಿಸ್ಮಾಕಿ 2023ರಲ್ಲಿ ‘ಉದುರಿದ ಎಲೆಗಳು’ ತೆಗೆದುಕೊಂಡು ಮರಳಿದರು. ಅವಧಿ 81 ನಿಮಿಷ, ಕಾನ್‌ನಲ್ಲಿ ತೀರ್ಪುಗಾರರ ಪ್ರಶಸ್ತಿ. ನಾಯಕಿ ಆನ್ಸಾ ಸೂಪರ್‌ಮಾರ್ಕೆಟಿನಲ್ಲಿ ದಿನ ಮೀರಿದ ತಿಂಡಿಯೊಂದನ್ನು ಎಸೆಯದೆ ಚೀಲಕ್ಕೆ ಹಾಕಿಕೊಂಡದ್ದಕ್ಕೆ ಕೆಲಸ ಕಳೆದುಕೊಳ್ಳುತ್ತಾಳೆ. ಪಾತ್ರ ಮಾಡಿದ ಆಲ್ಮಾ ಪೊಯಿಸ್ತಿ ಸ್ವೀಡಿಷ್ ಮಾತಾಡುವ ಮನೆತನದವರು. ಫಿನ್ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐದು ಮಂದಿ ಮಾತ್ರ. ಆದರೂ ಅದು ಅಲ್ಲಿ ರಾಷ್ಟ್ರಭಾಷೆ, ಆ ಮಾಧ್ಯಮದಲ್ಲೇ ಶಾಲೆಗಳಿವೆ. ಗಡಿನಾಡಿನ ಕನ್ನಡ ಶಾಲೆಯ ಮೇಷ್ಟ್ರು ಇದನ್ನು ಬರೆಯದೆ ಮುಂದೆ ಹೋದರೆ ನೀವೇ ಕೇಳುತ್ತೀರಿ. ಆನ್ಸಾಳ ಮನೆಯಲ್ಲಿ ರೇಡಿಯೊ ಹಾಕಿದಾಗಲೆಲ್ಲ ಉಕ್ರೇನ್ ಯುದ್ಧದ ಸುದ್ದಿ, ಮೂವತ್ತಮೂರು ವರ್ಷ ಹಿಂದೆ ಈರಿಸಳ ಮನೆಯ ಟಿ.ವಿ.ಯಲ್ಲಿ ತಿಯಾನನ್ಮೆನ್ ಬಂದ ಹಾಗೆ. ಅವಳು ಕೊಟ್ಟ ಫೋನ್ ನಂಬರಿನ ಚೀಟಿಯನ್ನು ನಾಯಕ ಕಳೆದುಕೊಳ್ಳುತ್ತಾನೆ. ಕುಡಿತದಿಂದ ಅವನ ಕೆಲಸ ಹೋಗುತ್ತದೆ. ಕುಡಿತ ಬಿಟ್ಟು ಅವಳ ಮನೆಗೆ ಹೊರಟ ದಿನವೇ ಅಪಘಾತವಾಗಿ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರುತ್ತಾನೆ. ಅವನ ಹೆಸರು ಹೊಲಪ್ಪ. ಹೌದು, ನಾನು ಕನ್ನಡೀಕರಿಸಿದ್ದಲ್ಲ, ಅದು ಅಲ್ಲಿಯ ಅಪ್ಪಟ ಮನೆತನದ ಹೆಸರು! ಊರುಗೋಲು ಹಿಡಿದು ಆಸ್ಪತ್ರೆಯಿಂದ ಹೊರಬಂದ ಹೊಲಪ್ಪನಿಗಾಗಿ ಆನ್ಸಾ ಒಂದು ಬೀದಿನಾಯಿಯೊಂದಿಗೆ ಕಾದಿರುತ್ತಾಳೆ. ಅದನ್ನು ಅವಳೇ ಸಾಕಿಕೊಂಡದ್ದು. ನಾಯಿಯ ಹೆಸರು ಚಾಪ್ಲಿನ್.